ಬಿಎಂಡಬ್ಲ್ಯು ಸ್ಟೀರಿಂಗ್ ವಿಪರೀತ ಹಗುರ: ಪಂಪ್ ಬದಲಿಸಬೇಕಾ, ರ‍್ಯಾಕ್ ಬದಲಿಸಬೇಕಾ?

ಪ್ರಶ್ನೆ: ನಮಸ್ಕಾರ ಸಾರ್. ನನ್ನ ಹತ್ತಿರ 2002ರ ಬಿಎಂಡಬ್ಲ್ಯು 525ಐ ಇದೆ. ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಮನೆಯಿಂದ ಟಾರ್ ರಸ್ತೆಗೆ ಮೂರು ಕಿಲೋಮೀಟರ್ ಮಣ್ಣು ದಾರಿ. ಕಳೆದ ಮಳೆಗಾಲದಿಂದ ಸ್ಟೀರಿಂಗ್ ವಿಪರೀತ ಹಗುರ ಆಗಿದೆ. ನಿಲ್ಲಿಸುವಾಗ ಒಂದು ಬೆರಳಲ್ಲಿ ತಿರುಗುತ್ತೆ, ಅದು ಸರಿ. ಆದರೆ ತರೀಕೆರೆ ದಾಟಿ 90ರಲ್ಲಿ ಹೋಗುವಾಗಲೂ ಹಾಗೇ ಇದ್ದರೆ ಹೇಗೆ? ಗಾಡಿ ಅತ್ತಿತ್ತ ಹೊಯ್ದಾಡುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗನ್ನು ಕೈಯಲ್ಲೇ ವಾಪಸ್ ತರಬೇಕು. ಬ್ರೇಕ್ ಹಿಡಿದರೆ ಸ್ವಲ್ಪ ನಡುಕ. ಮೂಟೆ ಹೇರಿಕೊಂಡು ಶಿವಮೊಗ್ಗ ಮಂಡಿಗೆ ಹೊರಟ ದಿನ ಇನ್ನೂ ಜಾಸ್ತಿ. ಒಬ್ಬರು ಪಂಪ್ ಹೋಗಿದೆ ಅಂದರು. ಇನ್ನೊಬ್ಬರು ಇಡೀ ರ‍್ಯಾಕ್ ಬದಲಿಸಬೇಕು ಅಂದರು. ಅವರು ಹೇಳಿದ ದುಡ್ಡಿಗೆ ಇನ್ನೊಂದು ಹಳೇ ಕಾರೇ ಬರುತ್ತೆ. ಯಾರ ಮಾತು ನಂಬಲಿ?

ಉತ್ತರ: ಸದ್ಯಕ್ಕೆ ಇಬ್ಬರದ್ದೂ ಬೇಡ.

ಪಂಪ್ ಅಂದರೆ ಸ್ಟೀರಿಂಗಿಗೆ ಆಯಿಲ್ ಒತ್ತಡ ಕೊಡುವ ಯಂತ್ರ. ರ‍್ಯಾಕ್ ಅಂದರೆ ಸ್ಟೀರಿಂಗಿನ ತಿರುವನ್ನು ಚಕ್ರಗಳಿಗೆ ಮುಟ್ಟಿಸುವ ಹಲ್ಲಿನ ಕಂಬಿ. ಪಂಪ್ ವಿಷಯ ಮೊದಲು ಮುಗಿಸಿಬಿಡೋಣ. ಪವರ್ ಸ್ಟೀರಿಂಗ್ ಪಂಪ್ ಸವೆದರೆ ಸ್ಟೀರಿಂಗ್ ಭಾರ ಆಗುತ್ತದೆ, ಗೊಂಯ್ ಅಂತ ಸದ್ದು ಬರುತ್ತದೆ. ಹಗುರ ಆಗುವುದಿಲ್ಲ. ಹಿಂದಿನ ಮಾಲೀಕರು ಬೇರೆ ಮಾದರಿಯ ಪಂಪ್ ತಂದು ಕೂರಿಸಿ, ಅದು ಬೇಕಾದ್ದಕ್ಕಿಂತ ಜಾಸ್ತಿ ಆಯಿಲ್ ತಳ್ಳುತ್ತಿದ್ದರೆ ಮಾತ್ರ ಮಾತು ಬೇರೆ. ಆದರೆ ಹಾಗಿದ್ದರೆ ಕಾರು ತಂದ ದಿನದಿಂದಲೇ ಹಗುರ ಇರಬೇಕಿತ್ತು. ನಿಮಗೆ ಕಳೆದ ಮಳೆಗಾಲದಿಂದ ಶುರುವಾಗಿದೆ ಅಲ್ವಾ?

‘ಸ್ಟೀರಿಂಗ್ ಹಗುರ’ ಅನ್ನುವ ದೂರಿನಲ್ಲಿ ಎರಡು ಬೇರೆ ಬೇರೆ ಕಾಯಿಲೆ ಅಡಗಿರುತ್ತವೆ. ಒಂದು, ಯಂತ್ರ ನಿಮ್ಮ ಕೈಗೆ ಅತಿಯಾಗಿ ಸಹಾಯ ಮಾಡುವುದು. ಇದನ್ನು ಕೈ ಹಗುರ ಅನ್ನೋಣ. ಇನ್ನೊಂದು, ಮುಂದಿನ ಚಕ್ರಗಳೇ ರಸ್ತೆಯನ್ನು ಸರಿಯಾಗಿ ಕಚ್ಚದಿರುವುದು, ನೇರಕ್ಕೆ ಬರಲು ಅವಕ್ಕೆ ಎಳೆತ ಇಲ್ಲದಿರುವುದು. ಇದು ಚಕ್ರ ಹಗುರ. ಸ್ಟೀರಿಂಗ್ ಹಿಡಿದ ಕೈಗೆ ಎರಡೂ ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತವೆ. ರಿಪೇರಿ ಮಾತ್ರ ಪೂರ್ತಿ ಬೇರೆ. ಗ್ಯಾರೇಜಿನಲ್ಲಿ ದುಡ್ಡು ಪೋಲಾಗುವುದು ಇಲ್ಲೇ. ಕಾಯಿಲೆ ಚಕ್ರದ್ದು, ಬಿಲ್ಲು ರ‍್ಯಾಕಿನದ್ದು.

ನಾನೂ ಈ ತಪ್ಪು ಮಾಡಿದ್ದೇನೆ. ಬಹಳ ವರ್ಷದ ಹಿಂದೆ ಇಂಥದೇ ಒಂದು ಕಾರಿಗೆ ಸ್ಟೀರಿಂಗ್ ವಾಲ್ವ್ ತರಿಸಿ ಹಾಕಿದೆ. ಏನೂ ಬದಲಾಗಲಿಲ್ಲ. ಆಮೇಲೆ ಗಾಳಿ ನೋಡಿದರೆ ಮುಂದಿನ ಎರಡೂ ಟೈರಿನಲ್ಲಿ 45 ಪಿಎಸ್ಐ ಇತ್ತು, ಬೇಕಾದ್ದಕ್ಕಿಂತ ಬಹಳ ಜಾಸ್ತಿ. ಗುಂಡಿ ರಸ್ತೆಗೆ ಗಟ್ಟಿ ಇರಲಿ ಅಂತ ಮಾಲೀಕರೇ ತುಂಬಿಸಿದ್ದರು. ಗಾಳಿ ಇಳಿಸಿದ್ದಕ್ಕೆ ನಾನು ಬಿಲ್ ಬರೆಯಲಿಲ್ಲ. ವಾಲ್ವಿನ ದುಡ್ಡು ಕೇಳೋಕೆ ಬಾಯಿಯೂ ಬರಲಿಲ್ಲ.

ಆದ್ದರಿಂದ ನೀವೂ ಗಾಳಿಯಿಂದಲೇ ಶುರು ಮಾಡಿ. ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲು ತೆಗೆದರೆ ಅಲ್ಲೇ ಸ್ಟಿಕ್ಕರ್ ಇದೆ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ಅಳತೆ ಮಾಡಿ. ಗಾಳಿ ಜಾಸ್ತಿಯಾದರೆ ಟೈರಿನ ನಡುಭಾಗ ಮಾತ್ರ ನೆಲಕ್ಕೆ ತಾಗುತ್ತದೆ, ಸ್ಟೀರಿಂಗ್ ತೇಲಿದ ಹಾಗೆ ಇರುತ್ತದೆ. ಹಾಗೇ ಟೈರಿನ ಪಕ್ಕದಲ್ಲಿರುವ ನಾಲ್ಕಂಕಿಯ ಸಂಖ್ಯೆ ನೋಡಿ. 2315 ಅಂತಿದ್ದರೆ 2015ರ 23ನೇ ವಾರದಲ್ಲಿ ತಯಾರಾದದ್ದು. ಹಳೇ ಲಕ್ಸುರಿ ಕಾರುಗಳು ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತಿರುತ್ತವೆ. ಟೈರಿನ ಹಲ್ಲು ಚೆನ್ನಾಗಿಯೇ ಕಾಣುತ್ತದೆ, ರಬ್ಬರ್ ಮಾತ್ರ ಕಲ್ಲಾಗಿರುತ್ತದೆ. ಒಣ ರಸ್ತೆಯಲ್ಲಿ ಗೊತ್ತಾಗುವುದಿಲ್ಲ. ಮಂಡಗದ್ದೆ ಹತ್ತಿರ ಜೋರು ಮಳೆ ಹಿಡಿದಾಗ ಗೊತ್ತಾಗುತ್ತದೆ.

ಮಳೆಯಲ್ಲಿ ನೀರು ನಿಂತ ಜಾಗದ ಮೇಲೆ ಹೋದಾಗ ಸ್ಟೀರಿಂಗ್ ಒಮ್ಮೆಲೇ ಹಗುರ ಆದರೆ ಅದು ಈ ಯಾವ ಕಾಯಿಲೆಯೂ ಅಲ್ಲ. ಟೈರ್ ನೀರಿನ ಮೇಲೆ ತೇಲುತ್ತಿದೆ ಅಂತ ಅರ್ಥ. ಆಗ ಬ್ರೇಕ್ ತುಳಿಯಬೇಡಿ, ಸ್ಟೀರಿಂಗ್ ಎಳೆದಾಡಬೇಡಿ. ಮೆಲ್ಲಗೆ ಆಕ್ಸಿಲರೇಟರ್ ಬಿಡಿ. ಟೈರಿನ ಹಲ್ಲು 1.6 ಮಿಲಿಮೀಟರಿಗೆ ಇಳಿಯುವ ತನಕ ಕಾನೂನು ಒಪ್ಪುತ್ತದೆ. ಆಗುಂಬೆ ಮಳೆ ಒಪ್ಪುವುದಿಲ್ಲ. ನಮ್ಮ ಕಡೆ 3 ಮಿಲಿಮೀಟರಿಗೇ ಬದಲಿಸಿ ಅನ್ನುತ್ತೇನೆ ನಾನು.

ಇನ್ನು ಮೂಟೆ. ಬಿಎಂಡಬ್ಲ್ಯು ಡಿಕ್ಕಿಯಲ್ಲಿ ಅಡಿಕೆ ಮೂಟೆ ಹಾಕಿದವರು ನೀವೇ ಮೊದಲಿಗರಲ್ಲ, ನಾಚಿಕೆ ಬೇಡ. ಆದರೆ ಡಿಕ್ಕಿ ಇರುವುದು ಹಿಂದಿನ ಚಕ್ರಕ್ಕಿಂತ ಆಚೆ. ಅಲ್ಲಿ ಭಾರ ಬಿದ್ದರೆ ಹಿಂಭಾಗ ಕೂರುತ್ತದೆ, ಮೂತಿ ಏಳುತ್ತದೆ, ಮುಂದಿನ ಚಕ್ರದ ಮೇಲಿನ ತೂಕ ಇಳಿಯುತ್ತದೆ. ಹಿಂದಿನ ಸ್ಪ್ರಿಂಗ್ ಹಳೆಯದಾಗಿದ್ದರೆ ಇನ್ನೂ ಜಾಸ್ತಿ. ಮಂಡಿಗೆ ಹೊರಟ ದಿನ ಹಗುರ ಹೆಚ್ಚು ಅನ್ನಿಸುವುದಕ್ಕೆ ಇಷ್ಟೇ ಕಾರಣ ಸಾಕು. ಪರೀಕ್ಷೆ ಮಾಡುವಾಗಲಂತೂ ಡಿಕ್ಕಿ ಖಾಲಿ ಇರಲಿ.

ಈಗ ಕಾಯಿಲೆ ಎರಡರಲ್ಲಿ ಯಾವುದು ಅಂತ ನೋಡೋಣ. ಖಾಲಿ ಮೈದಾನಕ್ಕೆ ಹೋಗಿ. 20 ಕಿಲೋಮೀಟರ್ ವೇಗದಲ್ಲಿ ಸ್ಟೀರಿಂಗನ್ನು ಒಂದು ಸುತ್ತು ತಿರುಗಿಸಿ, ಹಿಡಿತ ಸಡಿಲ ಬಿಡಿ. ಕೈ ಹತ್ತಿರವೇ ಇರಲಿ. ಸ್ಟೀರಿಂಗ್ ತಾನಾಗಿ ಹಿಂದೆ ಓಡಿ ನೇರಕ್ಕೆ ಬಂದರೆ ಚಕ್ರದ ಕಡೆ ಹೆಚ್ಚು ಕಡಿಮೆ ಸರಿ ಇದೆ. ಅರ್ಧಕ್ಕೆ ನಿಂತರೆ, ಸೋಮಾರಿಯಾಗಿ ಬಂದರೆ, ಅನುಮಾನ ಚಕ್ರದ ಕಡೆಗೆ. ಇದನ್ನು ಆಗುಂಬೆ ಘಾಟಿಯಲ್ಲಿ ಮಾತ್ರ ಮಾಡಬೇಡಿ. ಅಲ್ಲಿನ 14 ಹೇರ್‌ಪಿನ್ ತಿರುವುಗಳಲ್ಲಿ ಸ್ಟೀರಿಂಗ್ ಬಿಟ್ಟು ನೋಡುವ ಜಾಗ ಒಂದೂ ಇಲ್ಲ.

ನಿಮ್ಮ ಕಾಗದದಲ್ಲೇ ಅರ್ಧ ಉತ್ತರ ಇದೆ. ಕೈಯಲ್ಲಿ ವಾಪಸ್ ತರಬೇಕು, ಹೊಯ್ದಾಡುತ್ತದೆ, ಬ್ರೇಕ್ ಹಿಡಿದರೆ ನಡುಕ. ಈ ಮೂರೂ ಒಟ್ಟಿಗೆ ಇದ್ದರೆ ನಾನು ಮೊದಲು ಮುಂದಿನ ಕೆಳತೋಳುಗಳನ್ನು ನೋಡುತ್ತೇನೆ. ನಿಮ್ಮ ಮಾದರಿಯಲ್ಲಿ, ಅಂದರೆ ಕಂಪನಿ ಇ39 ಅಂತ ಕರೆಯುವ ಕಾರಿನಲ್ಲಿ, ಮುಂದಿನ ಪ್ರತಿ ಚಕ್ರಕ್ಕೂ ಕೆಳಗೆ ಎರಡು ತೋಳು. ಅದರಲ್ಲಿ ಒಂದು, ಬ್ರೇಕ್ ಹಿಡಿದಾಗ ಚಕ್ರ ಹಿಂದೆ ಹೋಗದಂತೆ ತಡೆಯುವ ತೋಳು. ಅದರ ತುದಿಯಲ್ಲಿ ದಪ್ಪ ರಬ್ಬರ್ ಬುಷ್, ಬುಷ್ ಒಳಗೆ ದ್ರವ. ಜರ್ಮನಿಯ ನುಣುಪು ರಸ್ತೆಗೆ ಒಳ್ಳೇ ಏರ್ಪಾಡು. ಮೂರು ಕಿಲೋಮೀಟರ್ ಮಣ್ಣು ದಾರಿಯಲ್ಲಿ ದಿನಾ ಎರಡು ಸಲ ಓಡಾಡಿದರೆ ಹರಿಯುತ್ತದೆ, ದ್ರವ ಸೋರುತ್ತದೆ. ಆಮೇಲೆ ಚಕ್ರ ಹಿಂದೆ ಮುಂದೆ ಜರುಗುತ್ತದೆ.

ಇದಕ್ಕೂ ಹಗುರಕ್ಕೂ ಏನು ಸಂಬಂಧ? ಸೈಕಲ್ ನೆನಪು ಮಾಡಿಕೊಳ್ಳಿ. ಮುಂದಿನ ಫೋರ್ಕ್ ನೆಟ್ಟಗಿರುವುದಿಲ್ಲ, ಓರೆ ಇರುತ್ತದೆ. ಕೈ ಬಿಟ್ಟು ಸೈಕಲ್ ಹೊಡೆಯಲು ಆಗುವುದರಲ್ಲಿ ಆ ಓರೆಯ ಪಾಲು ದೊಡ್ಡದು. ಕಾರಿನಲ್ಲೂ ಅಂಥ ಓರೆ ಇದೆ, ಕ್ಯಾಸ್ಟರ್ ಅನ್ನುತ್ತಾರೆ. ಬುಷ್ ಹರಿದು ಚಕ್ರ ಹಿಂದೆ ಸರಿದರೆ ಕ್ಯಾಸ್ಟರ್ ಕಡಿಮೆಯಾಗುತ್ತದೆ. ಸ್ಟೀರಿಂಗಿಗೆ ನೇರಕ್ಕೆ ಬರುವ ಎಳೆತ ಹೋಗುತ್ತದೆ. ಎಳೆತ ಇಲ್ಲದ ಸ್ಟೀರಿಂಗ್ ಕೈಗೆ ಹಗುರ ಅನ್ನಿಸುತ್ತದೆ.

ಕಾರನ್ನು ಎತ್ತಿಸಿ, ಟಾರ್ಚ್ ಹಿಡಿದು ಬುಷ್ ನೋಡಿ. ಬಿರುಕು, ಎಣ್ಣೆ ಇಳಿದ ಕಪ್ಪು ಗುರುತು ಕಂಡರೆ ಎರಡೂ ಕಡೆ ಒಟ್ಟಿಗೆ ಬದಲಿಸಿ. ಒಂದು ಮಾತು ಗ್ಯಾರೇಜಿನವರಿಗೆ ಗಟ್ಟಿಯಾಗಿ ಹೇಳಿ: ಬೋಲ್ಟನ್ನು ಕೊನೇ ಬಿಗಿ ಮಾಡುವುದು ಕಾರು ಚಕ್ರದ ಮೇಲೆ ನಿಂತಿರುವಾಗ. ಚಕ್ರ ನೇತಾಡುತ್ತಿರುವಾಗ ಬಿಗಿ ಮಾಡಿದರೆ ಇಳಿಸಿದ ತಕ್ಷಣ ಬುಷ್ ತಿರುಚಿಕೊಳ್ಳುತ್ತದೆ, ಬೇಗ ಮತ್ತೆ ಹರಿಯುತ್ತದೆ. ‘ಹೊಸ ಬುಷ್ ಹಾಕಿದೆ, ಬಾಳಿಕೆ ಬರಲಿಲ್ಲ’ ಅನ್ನುವವರಲ್ಲಿ ಬಹಳ ಜನರ ಕಥೆ ಇದು.

ಆಮೇಲೆ ವೀಲ್ ಅಲೈನ್‌ಮೆಂಟ್. ಮೆಷಿನ್ ಇರುವ ಕಡೆಗೇ ಹೋಗಿ, ಮುಂಚಿನ ಮತ್ತು ನಂತರದ ಅಳತೆಯ ಪ್ರಿಂಟ್ ಕೇಳಿ. ಇ39ರಲ್ಲಿ ಮುಂದೆ ಹೊಂದಿಸಲು ಬರುವುದು ಟೋ ಮಾತ್ರ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಅನ್ನುವುದು. ಕ್ಯಾಸ್ಟರಿಗೆ ತಿರುಗಿಸುವ ಬೋಲ್ಟೇ ಇಲ್ಲ. ಎಡಕ್ಕೂ ಬಲಕ್ಕೂ ಕ್ಯಾಸ್ಟರಿನಲ್ಲಿ ಅರ್ಧ ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಏನೋ ಸವೆದಿದೆ ಅಥವಾ ಬಾಗಿದೆ ಅಂತಲೇ ಲೆಕ್ಕ. ಇನ್ನೊಂದು ತಮಾಷೆ. ಈ ಕಾರಿನ ಅಲೈನ್‌ಮೆಂಟನ್ನು ಖಾಲಿ ಕಾರಿನಲ್ಲಿ ನೋಡುವಂತಿಲ್ಲ. ಟ್ಯಾಂಕ್ ತುಂಬಿರಬೇಕು, ಮುಂದಿನ ಎರಡು ಸೀಟಿನಲ್ಲಿ 68 ಕೆ.ಜಿ. ಒಂದೊಂದು, ಹಿಂದಿನ ಸೀಟಿನ ನಡುವೆ 68 ಕೆ.ಜಿ., ಡಿಕ್ಕಿಯಲ್ಲಿ 21 ಕೆ.ಜಿ. ಭಾರ ಇಟ್ಟು ಮಾಡಬೇಕು ಅನ್ನುತ್ತದೆ ಕಂಪನಿ. ಅಂಗಡಿಯವರ ಹತ್ತಿರ ಅಷ್ಟು ತೂಕ ಇರುವುದಿಲ್ಲ. ನಿಮ್ಮ ಅಡಿಕೆ ಮೂಟೆಗೆ ಇಲ್ಲಿ ಕೆಲಸ ಬಂತು. ತೂಗಿಸಿ ತೆಗೆದುಕೊಂಡು ಹೋಗಿ.

ಇಷ್ಟೆಲ್ಲ ಆದ ಮೇಲೂ 90ರಲ್ಲಿ ಒಂದು ಬೆರಳಿಗೆ ತಿರುಗುತ್ತದೆ ಅಂದರೆ ಆಗ ಕೈ ಹಗುರದ ಸರದಿ. ಮೊದಲು ನಿಮ್ಮ ಕಾರಿನಲ್ಲಿ ಸರ್ವೋಟ್ರಾನಿಕ್, ಅಂದರೆ ವೇಗಕ್ಕೆ ತಕ್ಕಂತೆ ಸ್ಟೀರಿಂಗಿನ ಭಾರ ಬದಲಿಸುವ ಏರ್ಪಾಡು, ಇದೆಯಾ ನೋಡಿ. ಎಲ್ಲ ಇ39ಕ್ಕೂ ಅದು ಬರುತ್ತಿರಲಿಲ್ಲ. ಸ್ಟೀರಿಂಗ್ ಕಂಬಿ ಬಂದು ರ‍್ಯಾಕಿಗೆ ಸೇರುವ ಜಾಗದಲ್ಲಿ ಎರಡು ವೈರಿನ ಪ್ಲಗ್ ಇದ್ದರೆ ಇದೆ. ಇಲ್ಲದಿದ್ದರೆ ಇಲ್ಲ.

ಅದರ ಕೆಲಸ ಹೀಗೆ. ಪಂಪ್ ಆಯಿಲ್ ಕೊಡುತ್ತದೆ. ನೀವು ಸ್ಟೀರಿಂಗ್ ತಿರುಗಿಸಿದಾಗ ಒಳಗಿನ ಒಂದು ಸಣ್ಣ ಉಕ್ಕಿನ ಕಂಬಿ ಚೂರು ತಿರುಚಿಕೊಂಡು ವಾಲ್ವ್ ತೆರೆಯುತ್ತದೆ, ಆಯಿಲ್ ಚಕ್ರವನ್ನು ತಳ್ಳುತ್ತದೆ. ವೇಗ ಏರಿದಂತೆ ಸ್ವಲ್ಪ ಆಯಿಲ್ ಇನ್ನೊಂದು ದಾರಿಯಲ್ಲಿ ಬಂದು ನಿಮ್ಮ ಕೈಗೆ ಎದುರು ಒತ್ತುತ್ತದೆ. ಆ ದಾರಿಗೆ ಕಾವಲು ನಿಂತಿರುವುದು ಸೋಲೆನಾಯ್ಡ್ ವಾಲ್ವ್. ಕಾರು ನಿಂತಾಗ ಅದಕ್ಕೆ ಪೂರ್ತಿ ಕರೆಂಟ್, ದಾರಿ ಬಂದ್, ಸ್ಟೀರಿಂಗ್ ಹಗುರ. ವೇಗ ಏರಿದಂತೆ ಕರೆಂಟ್ ಇಳಿಯುತ್ತದೆ, ದಾರಿ ತೆರೆಯುತ್ತದೆ, ಸ್ಟೀರಿಂಗ್ ಗಟ್ಟಿಯಾಗುತ್ತದೆ. ಕರೆಂಟೇ ಇಲ್ಲದಿದ್ದರೆ ಅತಿ ಭಾರ.

ಪರೀಕ್ಷೆಯೂ ಇದರಲ್ಲೇ ಇದೆ. ಎಂಜಿನ್ ಆಫ್ ಮಾಡಿ, ಆ ಪ್ಲಗ್ ಕಳಚಿ, ವೈರಿನ ತುದಿಗೆ ಟೇಪ್ ಸುತ್ತಿ, ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಸ್ಟೀರಿಂಗ್ ಭಾರ ಆಯಿತು ಅಂದರೆ ವಾಲ್ವ್ ಚೆನ್ನಾಗಿದೆ, ರ‍್ಯಾಕ್ ಚೆನ್ನಾಗಿದೆ. ಕಾರು ನಿಂತೇ ಇದೆ ಅಂದುಕೊಂಡು ಕಂಟ್ರೋಲ್ ಯೂನಿಟ್ ಕರೆಂಟ್ ಕೊಡುತ್ತಲೇ ಇದೆ. ಆಗ ವೇಗದ ಸಿಗ್ನಲ್ ಹುಡುಕಬೇಕು. ಸ್ಪೀಡೋಮೀಟರ್ ಮುಳ್ಳು ಆಗಾಗ ಬೀಳುತ್ತದೆಯಾ, ಎಬಿಎಸ್ ದೀಪ ಹೊತ್ತುತ್ತದೆಯಾ ನೋಡಿ. ಚಕ್ರದ ಸೆನ್ಸರಿಗೆ ಕೆಸರು ಮೆತ್ತಿರಬಹುದು. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಬರುವ ಇಲಿ ವೈರ್ ಕಡಿದಿರಬಹುದು. ಮಲೆನಾಡಿನಲ್ಲಿ ಇದು ನಗುವ ವಿಷಯ ಅಲ್ಲ.

ಪ್ಲಗ್ ಕಳಚಿದರೂ ಏನೂ ವ್ಯತ್ಯಾಸ ಆಗಲಿಲ್ಲ ಅಂದರೆ ವಾಲ್ವ್ ಸಿಕ್ಕಿಕೊಂಡಿದೆ. ಆಯಿಲ್ ಹೊಲಸಾದರೆ ಹೀಗಾಗುತ್ತದೆ. ರ‍್ಯಾಕ್ ಮುಟ್ಟುವ ಮೊದಲು ಆಯಿಲ್ ಪೂರ್ತಿ ಬದಲಿಸಿ, ವಾಲ್ವ್ ಬಿಚ್ಚಿ ತೊಳೆಸಿ. ಯಾವ ಆಯಿಲ್ ಅಂತ ಟ್ಯಾಂಕಿನ ಮುಚ್ಚಳದ ಮೇಲೇ ಬರೆದಿದೆ. ಕೆಲವಕ್ಕೆ ಕೆಂಪು ಎಟಿಎಫ್, ಕೆಲವಕ್ಕೆ ಹಸಿರು ಸಿಎಚ್ಎಫ್ 11ಎಸ್. ‘ಎಲ್ಲಾ ಒಂದೇ ಸಾರ್’ ಅಂತ ಯಾರಾದರೂ ಎರಡನ್ನೂ ಬೆರೆಸಲು ಬಂದರೆ ಕೀ ಇಸಿದುಕೊಂಡು ಹೊರಟುಬಿಡಿ.

ಈ ಪ್ಲಗ್ ಕಳಚುವ ಉಪಾಯವನ್ನು ಬೇರೆ ಕಾರಿಗೆ ಕಣ್ಣುಮುಚ್ಚಿ ಹಚ್ಚಬೇಡಿ. ಕೆಲವು ಹಳೇ ಫೋರ್ಡ್ ಕಾರುಗಳಲ್ಲಿ ಲೆಕ್ಕ ತಿರುಗುಮುರುಗು, ಕರೆಂಟ್ ಹೋದರೆ ಸ್ಟೀರಿಂಗ್ ಅತಿ ಹಗುರ ಆಗುತ್ತದೆ.

ನನ್ನ ಅಂದಾಜು ಕೇಳಿದರೆ, ನಿಮ್ಮದು ಬುಷ್. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಹೋದಾಗ ರ‍್ಯಾಕ್ ಅನ್ನುವ ಪದವನ್ನು ನೀವಾಗಿ ಎತ್ತಬೇಡಿ. ‘ತೋಳಿನ ಬುಷ್ ನೋಡಿ’ ಅಂತ ಮಾತ್ರ ಹೇಳಿ.

ಪ್ರಶ್ನೆ: ನಮ್ಮ ತಂದೆಯವರ ಕಾಲದ 1996ರ ಬೆಂಜ್ ಇ220 ಇದೆ. ಸ್ಟೀರಿಂಗ್ ಸಡಿಲ, ಹಗುರ. ಸ್ಟೀರಿಂಗ್ ಬಾಕ್ಸ್ ಮೇಲಿನ ಸ್ಕ್ರೂ ಬಿಗಿ ಮಾಡಿದರೆ ಸರಿಹೋಗುತ್ತೆ ಅನ್ನುತ್ತಾರೆ. ಮಾಡಿಸಲಾ? (ಕೊಪ್ಪದಿಂದ)

ಉತ್ತರ: ಈಗಲೇ ಬೇಡ. ನಿಮ್ಮ ಕಾರಿನಲ್ಲಿ ರ‍್ಯಾಕಿನ ಕೆಲಸ ಮಾಡುವುದು ಈ ಬಾಕ್ಸ್. ಆ ಸ್ಕ್ರೂ ಇರುವುದು ಬಾಕ್ಸ್ ಒಳಗಿನ ಪ್ಲೇ, ಅಂದರೆ ಸಡಿಲ, ಕಡಿಮೆ ಮಾಡಲು, ಸ್ಟೀರಿಂಗನ್ನು ಭಾರ ಮಾಡಲು ಅಲ್ಲ. ಅತಿಯಾಗಿ ಬಿಗಿ ಮಾಡಿದರೆ ಗೇರ್ ಸವೆಯುತ್ತದೆ, ಸ್ಟೀರಿಂಗ್ ತಿರುವಿನಿಂದ ವಾಪಸ್ ಬರುವುದಿಲ್ಲ. ಘಾಟಿಯಲ್ಲಿ ಅದು ಸಡಿಲಕ್ಕಿಂತ ಅಪಾಯ. ಮನೆಯಲ್ಲಿ ಒಬ್ಬರನ್ನು ಕೂರಿಸಿ, ಎಂಜಿನ್ ಚಾಲೂ ಇಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಎರಡೆರಡು ಇಂಚು ಅಲ್ಲಾಡಿಸಲು ಹೇಳಿ. ನೀವು ಬಾನೆಟ್ ತೆಗೆದು ಮೇಲಿನಿಂದ, ಆಮೇಲೆ ಚಕ್ರದ ಪಕ್ಕ ಬಗ್ಗಿ ನೋಡಿ. ಕಾರಿನ ಅಡಿಗೆ ಮಾತ್ರ ಹೋಗಬೇಡಿ. ಯಾವ ಜಾಯಿಂಟಿನಲ್ಲಿ ಒಂದು ಕಡೆ ಅಲ್ಲಾಡಿ ಇನ್ನೊಂದು ಕಡೆ ಸುಮ್ನೆ ಇರುತ್ತದೋ ಅದೇ ಹೋಗಿರುವುದು. ಈ ಕಾರಿನಲ್ಲಿ ಅದು ಐಡ್ಲರ್ ಆರ್ಮ್ (ಬಾಕ್ಸಿನ ಎದುರು ಬದಿಯಲ್ಲಿ, ಚಕ್ರಗಳನ್ನು ಜೋಡಿಸುವ ಕಂಬಿಗೆ ಆಸರೆ ಕೊಡುವ ತೋಳು) ಬುಷ್ ಆಗಿರುವುದೇ ಜಾಸ್ತಿ. ಪಕ್ಕದಲ್ಲೇ ಇರುವ, ಸ್ಟೀರಿಂಗಿನ ನಡುಕ ತಡೆಯುವ ಡ್ಯಾಂಪರ್ ಎಣ್ಣೆ ಸೋರುತ್ತಿದೆಯಾ ಅದನ್ನೂ ನೋಡಿ. ಇವೆರಡೂ ಸರಿ ಇದ್ದು ಬಾಕ್ಸಿನಲ್ಲೇ ಪ್ಲೇ ಇದೆ ಅಂತ ಖಾತ್ರಿಯಾದರೆ ಆಗ ಸ್ಕ್ರೂ. ಅದೂ ಕಂಪನಿ ಹೇಳಿದ ಅಳತೆಗೆ, ಬೆಂಜ್ ಬಾಕ್ಸ್ ಬಿಚ್ಚಿ ಗೊತ್ತಿರುವವರ ಕೈಯಲ್ಲಿ.