ಬಿಗ್ ಬ್ಯಾಂಗ್, ಕುಂಬಾರ, ರಾಮಾನುಜರು

ಮಂಡ್ಯದ ಸೆಮಿನಾರಿಗೆ "ಬಿಗ್ ಬ್ಯಾಂಗ್ (ಮಹಾಸ್ಫೋಟ) ಆಗಿದೆ, ಹಾಗಾಗಿ ಜಗತ್ತಿಗೊಬ್ಬ ಕರ್ತೃ ಇದ್ದಾನೆ, ರಾಮಾನುಜರೂ ಹೀಗೇ ಹೇಳಿದ್ದಾರೆ" ಅಂತ ಬರೆಯಬಹುದಾ ಎಂದು ಕೇಳಿದ್ದೀರಿ. ಮೊದಲರ್ಧ ದುರ್ಬಲ, ಎರಡನೆಯದು ತಪ್ಪು. ರಾಮಾನುಜರು ನೆಲೆಸಿದ್ದ ಮೇಲುಕೋಟೆ ಪಕ್ಕದಲ್ಲೇ ಇದೆ, ಸಭೆಯಲ್ಲಿ ಯಾರಾದರೂ ಹಿಡಿದೇ ಹಿಡಿಯುತ್ತಾರೆ.

ಮಡಕೆಗೆ ಕುಂಬಾರನಿದ್ದಂತೆ ಜಗತ್ತಿಗೆ ಈಶ್ವರ ಎಂಬುದು ನೈಯಾಯಿಕರ (ನ್ಯಾಯ ದರ್ಶನದವರ) ತರ್ಕ. ಬ್ರಹ್ಮಸೂತ್ರಗಳಿಗೆ ಬರೆದ ಶ್ರೀಭಾಷ್ಯದಲ್ಲಿ "ಶಾಸ್ತ್ರಯೋನಿತ್ವಾತ್" (ಶಾಸ್ತ್ರವೇ ಮೂಲವಾದ್ದರಿಂದ) ಸೂತ್ರದಡಿ (1.1.3) ರಾಮಾನುಜರು ಅದನ್ನೇ ಖಂಡಿಸುವುದು. ಬೆಟ್ಟ, ಸಮುದ್ರ ಎಲ್ಲವೂ ಒಂದೇ ಕಾಲದಲ್ಲಿ ಒಬ್ಬನಿಂದಲೇ ಆದವು ಎನ್ನಲು ಆಧಾರವೇನು? ಕುಂಬಾರನಿಗೆ ಶರೀರವಿದೆ, ಈಶ್ವರನಿಗೂ ಇರಬೇಕಲ್ಲ? ಅವರ ಪ್ರಕಾರ ಬ್ರಹ್ಮವನ್ನು ತಿಳಿಯಲು ಶಾಸ್ತ್ರವೊಂದೇ ಪ್ರಮಾಣ (ಆಧಾರ). (1779ರಲ್ಲಿ ಅಚ್ಚಾದ, ತತ್ವಜ್ಞಾನಿ ಹ್ಯೂಮ್‌ನ ಧರ್ಮ ಕುರಿತ ಸಂವಾದಗಳ ಆಕ್ಷೇಪವೂ ಹೆಚ್ಚುಕಡಿಮೆ ಇದೇ!)

1951ರಲ್ಲಿ ಪೋಪ್ 12ನೇ ಪಯಸ್ ಬಿಗ್ ಬ್ಯಾಂಗನ್ನು ಸೃಷ್ಟಿಗೆ ಸಾಕ್ಷಿ ಎಂಬಂತೆ ಮಾತಾಡಿದ್ದು, ಆ ಸಿದ್ಧಾಂತಕ್ಕೆ ಬುನಾದಿ ಹಾಕಿದ ಪಾದ್ರಿ ಲಮೆತ್ರ್‌ಗೇ ಹಿಡಿಸಲಿಲ್ಲ. ನಾಳೆ ಮಾದರಿ ಬದಲಾದರೆ ವಾದವೂ ಬಿತ್ತು.

ಅದರ ಬದಲು ಶಂಕರರ ಗೀತಾಭಾಷ್ಯ 18.66 ನೋಡಿ: ಬೆಂಕಿ ತಣ್ಣಗಿದೆ ಎಂದು ನೂರು ಶ್ರುತಿ (ವೇದವಾಕ್ಯ) ಹೇಳಿದರೂ ಪ್ರಮಾಣವಲ್ಲ. ಪ್ರತ್ಯಕ್ಷಕ್ಕೆ ಸಿಗುವುದರಲ್ಲಿ ಶ್ರುತಿಗೆ ಕೆಲಸವಿಲ್ಲ. ಈ ಗಡಿಯ ಮೇಲೆ ಪ್ರಬಂಧ ಕಟ್ಟಬಹುದು. "ಹಾಗಾದರೆ ತೈತ್ತಿರೀಯ ಉಪನಿಷತ್ತು ಹೇಳುವ ಆಕಾಶ, ವಾಯು, ಅಗ್ನಿ ಎಂಬ ಸೃಷ್ಟಿಕ್ರಮ?" ಅಂತ ಖಂಡಿತ ಕೇಳುತ್ತಾರೆ. ಅಲ್ಲಿ ತಾತ್ಪರ್ಯ ಸೃಷ್ಟಿಯಲ್ಲ, ಬ್ರಹ್ಮ ಎಂಬುದು ಶಂಕರರ ಉತ್ತರ. ರಾಮಾನುಜರಿಗೆ ಸೃಷ್ಟಿ ನಿಜವೇ. ಇಬ್ಬರನ್ನೂ ಒಂದೇ ಪ್ಯಾರಾಕ್ಕೆ ತುರುಕಬೇಡಿ.