ಮಾಳಿಗೆಯ ಮೇಲೆ ಮಲಗುತ್ತಿದ್ದ ಗಂಡ

(ದಂಪತಿಯ ಒಪ್ಪಿಗೆ ಪಡೆದು ಬರೆದಿದ್ದೇನೆ. ಹೆಸರು, ಉದ್ಯೋಗ ಮತ್ತು ಮನೆಯ ಕೆಲವು ಗುರುತುಗಳನ್ನು ಬದಲಿಸಿದ್ದೇನೆ.)

ಆಷಾಢದ ಒಂದು ಸಂಜೆ ಐವತ್ತೈದು ದಾಟಿದ ತಾಯಿಯೊಬ್ಬರು ಮಗನನ್ನೂ ಸೊಸೆಯನ್ನೂ ಕರೆದುಕೊಂಡು ದಾವಣಗೆರೆಯ ನನ್ನ ಆಪ್ತಸಲಹೆಯ ಕೊಠಡಿಗೆ ಬಂದರು. "ಮದುವೆಯಾಗಿ ಹದಿನಾಲ್ಕು ತಿಂಗಳಾಯಿತು ಮೇಡಂ. ಇವನು ಮಾಳಿಗೆಯ ಮೇಲೆ ಮಲಗುತ್ತಾನೆ, ಅವಳು ಕೆಳಗೆ ಮಲಗುತ್ತಾಳೆ. ದುರ್ಗಾಂಬಿಕೆಗೆ ಉಡಿ ತುಂಬಿಸಿದ್ದೂ ಆಯಿತು. ಇನ್ನು ನೀವೇ ಬುದ್ಧಿ ಹೇಳಬೇಕು" ಎಂದು ಒಂದೇ ಉಸಿರಿಗೆ ಹೇಳಿ ಹೊರಗಿನ ಬೆಂಚಿನ ಮೇಲೆ ಕುಳಿತರು.

ಕೊಟ್ರೇಶನಿಗೆ ಮೂವತ್ತೊಂದು ವರ್ಷ, ಮಂಡಿಪೇಟೆಯ ಸಗಟು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಶೈಲಾಳಿಗೆ ಇಪ್ಪತ್ತಾರು. ಚನ್ನಗಿರಿ ಕಡೆಯ ಅಡಿಕೆ ತೋಟದ ಮನೆಯ ಮಗಳು. ನಮ್ಮೂರಿನ ಬೇಸಿಗೆಯಲ್ಲಿ ಗಂಡಸರು ಮಾಳಿಗೆಯ ಮೇಲೆ ಮಲಗುವುದು ವಿಶೇಷವೇನಲ್ಲ. ಮಾರ್ಚ್‌ನಲ್ಲಿ ಅವನು ಚಾಪೆ ಹೊತ್ತು ಮೇಲೆ ಹೋದಾಗ ಯಾರೂ ಏನೂ ಕೇಳಲಿಲ್ಲ. ಆದರೆ ಮಳೆ ಹಿಡಿದರೂ, ಆಷಾಢದ ಗಾಳಿ ಬೀಸಿದರೂ ಅವನು ಕೆಳಗಿಳಿಯಲಿಲ್ಲ. ನೀರಿನ ಟ್ಯಾಂಕಿನ ಪಕ್ಕದ ತಗಡಿನ ಮರೆಯಲ್ಲೇ ಮುದುಡಿಕೊಂಡು ಮಲಗುತ್ತಿದ್ದ. ಗಂಡನಿಗೆ ತಾನು ಬೇಡವಾಗಿದ್ದೇನೆ ಎಂದು ಶೈಲಾ ತೀರ್ಮಾನಿಸಿಬಿಟ್ಟಿದ್ದಳು.

ಮೊದಲ ಭೇಟಿಯಲ್ಲಿ ನಾನೂ ದಾರಿ ತಪ್ಪಿದೆ. ಇಬ್ಬರನ್ನೂ ಬೇರೆ ಬೇರೆ ಕೂರಿಸಿಕೊಂಡು ದಾಂಪತ್ಯದ ಬಗ್ಗೆ, ಹಳೆಯ ಸಂಬಂಧಗಳ ಬಗ್ಗೆ, ಸಾಲದ ಬಗ್ಗೆ ಕೇಳಿದೆ. ಕೊಟ್ರೇಶ ನೆಲ ನೋಡುತ್ತಾ "ಹಾಗೇನೂ ಇಲ್ಲ ಮೇಡಂ" ಎಂದಷ್ಟೇ ಹೇಳಿದ. ಅವನ ಮೌನಕ್ಕೆ ನಾನು ಬೇರೆಯದೇ ಅರ್ಥ ಹಚ್ಚಿಕೊಂಡೆ.

ಎರಡನೆಯ ಭೇಟಿಯ ದಿನ ಜಿಟಿಜಿಟಿ ಮಳೆ. ಗಂಡ ನೆನೆದು ಬಂದಿದ್ದನ್ನು ಕಂಡು ಶೈಲಾ ತಾನು ಹಾಕಿಕೊಂಡಿದ್ದ ಉಣ್ಣೆಯ ಸ್ವೆಟರ್ ಬಿಚ್ಚಿ ಅವನ ಹೆಗಲಿಗೆ ಹೊದಿಸಿದಳು. ಹತ್ತು ನಿಮಿಷ ಕಳೆದಿರಲಿಲ್ಲ, ಅವನ ಕಣ್ಣು ಕೆಂಪಾಯಿತು. ಸಾಲುಸಾಲು ಸೀನು ಬಂತು. ಮಾತಿನ ನಡುವೆ ಎದೆಯಿಂದ ಸುಂಯ್ ಎಂಬ ಸದ್ದು ಕೇಳತೊಡಗಿತು. ಕಡುನೀಲಿ ಸ್ವೆಟರಿನ ತೋಳಿನ ಮೇಲೆ ಕೇಸರಿ ಬಣ್ಣದ ನಾಲ್ಕಾರು ಕೂದಲು ಅಂಟಿದ್ದವು.

"ಮನೆಯಲ್ಲಿ ಬೆಕ್ಕು ಇದೆಯೇ?" ಎಂದೆ. ಶೈಲಾ ತಲೆಯಾಡಿಸಿದಳು. ಮೊದಲ ಆಷಾಢಕ್ಕೆ ತವರಿಗೆ ಹೋದವಳು ಶ್ರಾವಣದಲ್ಲಿ ಮರಳುವಾಗ ಒಂದು ಮರಿಯನ್ನು ತಂದಿದ್ದಳು. ಹೆಸರು ಗುಂಡ. ಹೊಸ ಮನೆಯಲ್ಲಿ ಅವಳದ್ದು ಎಂದು ಹೇಳಿಕೊಳ್ಳಲು ಇದ್ದ ಒಂದೇ ಜೀವ ಅದು. ರಾತ್ರಿ ಅವಳ ದಿಂಬಿನ ಬದಿಯಲ್ಲೇ ಮಲಗುತ್ತಿತ್ತು.

ಕೊಟ್ರೇಶನಿಗೆ ವಿಷಯ ಗೊತ್ತಿತ್ತು. ತಿಂಗಳುಗಟ್ಟಲೆ ಔಷಧಿ ಅಂಗಡಿಯಿಂದ ಸೆಟಿರಿಜಿನ್ ಎಂಬ ಅಲರ್ಜಿಯ ಮಾತ್ರೆ ತಂದು ಕದ್ದು ನುಂಗುತ್ತಿದ್ದ, ಮಧ್ಯಾಹ್ನ ಲೆಕ್ಕದ ಪುಸ್ತಕದ ಮುಂದೆ ತೂಕಡಿಸುತ್ತಿದ್ದ. ಬಾಯಿ ಬಿಡದಿರಲು ಕಾರಣ ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳಿದ: ಅವನ ತಂದೆ ದಮ್ಮಿನ ರೋಗಿ. ಇವನಿಗೂ ಎಳೆತನದಲ್ಲಿ ದಮ್ಮು ಬರುತ್ತಿತ್ತು. ಹೆಣ್ಣು ನೋಡಲು ಹೋಗುವಾಗ ಮನೆಯವರೆಲ್ಲ ಕೂಡಿ ಆ ಮಾತನ್ನು ಮುಚ್ಚಿಟ್ಟಿದ್ದರು. "ಬೆಕ್ಕು ಆಗುವುದಿಲ್ಲ ಎಂದರೆ ಏಕೆ ಎಂದು ಕೇಳುತ್ತಾಳೆ. ಆಗ ಎಲ್ಲವೂ ಹೊರಗೆ ಬರುತ್ತದೆ."

ನಮ್ಮ ಕಡೆ ಉಬ್ಬಸ ಇರುವ ಮನೆಗೆ ಹೆಣ್ಣು ಕೊಡಲು ಇಂದಿಗೂ ಹಿಂದೆ ಮುಂದೆ ನೋಡುತ್ತಾರೆ. ಸರಿಯಾಗಿ ಚಿಕಿತ್ಸೆ ಪಡೆದರೆ ಎಲ್ಲರಂತೆ ದುಡಿದು ಬಾಳಬಹುದಾದ ಕಾಯಿಲೆಯನ್ನು ಕಳಂಕವೆಂಬಂತೆ ಬಚ್ಚಿಡುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬಚ್ಚಿಟ್ಟವರು ಔಷಧಿಯನ್ನೂ ಸರಿಯಾಗಿ ತೆಗೆದುಕೊಳ್ಳುವುದಿಲ್ಲ.

ಶೈಲಾಳಿಗೆ ಸಿಟ್ಟು ಬಂದದ್ದು ದಮ್ಮಿನ ಬಗ್ಗೆ ಅಲ್ಲ, ತನ್ನ ಅಪ್ಪನಿಗೆ ಸುಳ್ಳು ಹೇಳಿದ್ದರ ಬಗ್ಗೆ. ಮರುದಿನವೇ ಗುಂಡನನ್ನು ಬುಟ್ಟಿಯಲ್ಲಿ ಹಾಕಿಕೊಂಡು ತವರಿಗೆ ಹೋದಳು. ನಾನು ತಡೆಯಲಿಲ್ಲ. ಅವಳ ಸಿಟ್ಟು ನ್ಯಾಯವಾದದ್ದು, ಅದಕ್ಕೆ ಒಂದಷ್ಟು ದಿನ ಬೇಕಿತ್ತು.

ಅವಳು ಒಂಬತ್ತು ದಿನ ಅಲ್ಲಿದ್ದಳು. ಕೊಟ್ರೇಶ ಕೆಳಗಿನ ಕೋಣೆಯಲ್ಲಿ ಮಲಗಿದ, ಬೆಕ್ಕಿಲ್ಲದಿದ್ದರೂ ದಮ್ಮು ಬಂತು. ತಾಯಿಗೆ ಅಷ್ಟೇ ಸಾಕಾಯಿತು. "ಬೆಕ್ಕಿನ ನೆಪ ಹೇಳುತ್ತಿದ್ದಾನೆ, ಇವನಿಗೆ ಹೆಂಡತಿಯೇ ಬೇಡ" ಎಂದು ನನಗೆ ಫೋನ್ ಮಾಡಿದರು. ಕೊಟ್ರೇಶನಿಗೇ ತನ್ನ ಮೇಲೆ ಅನುಮಾನ ಬಂದಿತ್ತು. ಪರೀಕ್ಷೆ ಮಾಡಿಸಿಕೊಂಡು ಬರುವವರೆಗೆ ಮುಂದಿನ ಮಾತುಕತೆ ಇಲ್ಲ ಎಂದು ನಾನು ಖಡಾಖಂಡಿತವಾಗಿ ಹೇಳಿದ್ದು ಆಗಲೇ. ಉಸಿರಿಗೆ ಸಂಬಂಧಿಸಿದ ದೂರನ್ನು ಆಪ್ತಸಲಹೆಯಿಂದ ಬಗೆಹರಿಸಲು ಹೊರಡುವುದು ಅಪಾಯ.

ಅಲರ್ಜಿ ವೈದ್ಯರು ಒಂದು ವಾರ ಸೆಟಿರಿಜಿನ್ ನಿಲ್ಲಿಸಿ ಬರಲು ಹೇಳಿದರು. ಅದು ದೇಹದಲ್ಲಿದ್ದರೆ ಚರ್ಮದ ಪರೀಕ್ಷೆ ಸುಳ್ಳು ಹೇಳುತ್ತದೆ. ಮುಂಗೈ ಮೇಲೆ ಹನಿಗಳನ್ನಿಟ್ಟು ಸೂಜಿಮೊನೆ ತಾಗಿಸಿದರು. ಕಾಲು ಗಂಟೆಯಲ್ಲಿ ಎರಡು ಕಡೆ ಗಂಧೆ ಎದ್ದಿತು, ಒಂದು ಬೆಕ್ಕಿನದು, ಇನ್ನೊಂದು ಹಾಸಿಗೆಯ ಧೂಳಿನಲ್ಲಿರುವ ನುಸಿಯದು. ಜೊತೆಗೆ ಅಸ್ತಮಾ ಇದೆ ಎಂಬುದೂ ಖಚಿತವಾಯಿತು.

ವೈದ್ಯರು ವಿವರಿಸಿದ್ದನ್ನು ನಾನು ಮೂವರನ್ನೂ ಒಟ್ಟಿಗೆ ಕೂರಿಸಿಕೊಂಡು ಮತ್ತೊಮ್ಮೆ ಹೇಳಿದೆ. ಅಲರ್ಜಿಗೆ ಕಾರಣ ಬೆಕ್ಕಿನ ಕೂದಲಲ್ಲ, ಅದರ ಜೊಲ್ಲಿನಲ್ಲೂ ಚರ್ಮದ ಜಿಡ್ಡಿನಲ್ಲೂ ಇರುವ ಫೆಲ್ ಡಿ 1 ಎಂಬ ಪ್ರೋಟೀನ್. ಬೆಕ್ಕು ಮೈ ನೆಕ್ಕಿಕೊಂಡಾಗ ಅದು ಕೂದಲಿಗೆ ಹತ್ತಿ, ಒಣಗಿ, ಕಣ್ಣಿಗೆ ಕಾಣದ ಕಣಗಳಾಗಿ ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ. ಬಟ್ಟೆಗೆ ಅಂಟಿಕೊಂಡು ಬೆಕ್ಕೇ ಇಲ್ಲದ ಕೊಠಡಿಗೂ ಬರುತ್ತದೆ, ನನ್ನ ಕೊಠಡಿಗೆ ಬಂದ ಹಾಗೆ. ಬೆಕ್ಕನ್ನು ಮನೆಯಿಂದ ಕಳಿಸಿದರೂ ಹಾಸಿಗೆ, ಪರದೆ, ಗೋಡೆಗಳಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಒಂಬತ್ತು ದಿನದಲ್ಲಿ ಏನೂ ತಿಳಿಯುವುದಿಲ್ಲ. ಅದನ್ನು ಕೇಳಿದಾಗ ಕೊಟ್ರೇಶ ತಾಯಿಯ ಕಡೆ ತಿರುಗಿ ನೋಡಿದ. ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಶೈಲಾ ಮರಳಿ ತಂದಿದ್ದ ಬೆಕ್ಕನ್ನು ಚೀಲದಲ್ಲಿ ಕಟ್ಟಿ ಕುಂದವಾಡ ಕೆರೆಯ ಆಚೆ ಬಿಟ್ಟುಬರುವ ಯೋಚನೆ ತಾಯಿಗಿತ್ತು. ಅದಕ್ಕೆ ನಾನು ಒಪ್ಪಲಿಲ್ಲ. ಸಾಕಿದ ಪ್ರಾಣಿಯನ್ನು ಸಕಾರಣವಿಲ್ಲದೆ ಬೀದಿಪಾಲು ಮಾಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಅದಕ್ಕಿಂತ ಮುಖ್ಯವಾಗಿ, ಹಾಗೆ ಮಾಡಿದ್ದರೆ ಶೈಲಾ ಆ ಮನೆಯನ್ನು ಮತ್ತೆ ನಂಬುತ್ತಿರಲಿಲ್ಲ. ಆದರೆ ಶೈಲಾಳಿಗೂ ಅಷ್ಟೇ ಸ್ಪಷ್ಟವಾಗಿ ಹೇಳಿದೆ: ಅಸ್ತಮಾ ಹತೋಟಿಗೆ ಬರದಿದ್ದರೆ ಗುಂಡ ಚನ್ನಗಿರಿಯ ತೋಟಕ್ಕೆ ಹೋಗಲೇಬೇಕು. ಬೆಕ್ಕಿನಿಂದ ಸೀನು ಮಾತ್ರ ಬರುವವರ ಲೆಕ್ಕ ಬೇರೆ, ಎದೆ ಬಿಗಿಯುವವರ ಲೆಕ್ಕ ಬೇರೆ. ಒಂದು ವಾಕ್ಯವನ್ನು ಪೂರ್ತಿ ಹೇಳಲಾಗದಷ್ಟು ಉಸಿರು ಕಟ್ಟಿದರೆ, ತುಟಿ ನೀಲಿಗಟ್ಟಿದರೆ, ಪಂಪ್ (ಇನ್‌ಹೇಲರ್) ಹಾಕಿದರೂ ಇಳಿಯದಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಮೂರು ತಿಂಗಳ ಗಡುವು ಇಟ್ಟುಕೊಂಡೆವು. ಮಲಗುವ ಕೋಣೆಗೆ ಗುಂಡನಿಗೆ ಪ್ರವೇಶವಿಲ್ಲ, ಬಾಗಿಲು ಹಗಲೂ ಮುಚ್ಚಿರಬೇಕು. ಹಿತ್ತಿಲಿನ ಪಡಸಾಲೆಗೆ ತಂತಿಜಾಲರಿ ಹಾಕಿಸಿ ಅಲ್ಲೇ ಅದರ ವಾಸ. ಹಾಸಿಗೆ, ದಿಂಬಿಗೆ ಒತ್ತು ನೇಯ್ಗೆಯ ಮುಚ್ಚುಗವುಸು ಹಾಕಬೇಕು, ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಬೇಕು. ಕಸಬರಿಗೆಯಲ್ಲಿ ಗುಡಿಸಿದರೆ ಕಣಗಳು ಮತ್ತೆ ಮೇಲೇಳುವುದರಿಂದ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಬೆಕ್ಕನ್ನು ಎತ್ತಿಕೊಂಡ ಮೇಲೆ ಕೈ ತೊಳೆದು, ಸೀರೆ ಬದಲಿಸಿ ಕೋಣೆಗೆ ಹೋಗಬೇಕು. ವಾರವಾರ ಬೆಕ್ಕಿಗೆ ಸ್ನಾನ ಮಾಡಿಸುತ್ತೇನೆ ಎಂದಳು ಶೈಲಾ. ಬೇಡವೆಂದೆ, ಅದರ ಫಲ ಒಂದೆರಡು ದಿನದ್ದಷ್ಟೇ. ಅದಕ್ಕಿಂತ ಶಸ್ತ್ರಚಿಕಿತ್ಸೆ ಲೇಸು. ಸಂತಾನಹರಣ ಮಾಡಿಸದ ಗಂಡು ಬೆಕ್ಕಿನ ಮೈಯಲ್ಲಿ ಆ ಪ್ರೋಟೀನ್ ಹೆಚ್ಚಿರುತ್ತದೆ. ಪಶುವೈದ್ಯರ ಬಳಿ ಅದನ್ನು ಮಾಡಿಸಿದರು.

ಇವೆಲ್ಲವೂ ಔಷಧಿಯ ಜೊತೆಗೆ, ಔಷಧಿಯ ಬದಲಿಗಲ್ಲ. ಪಂಪ್ ಹಿಡಿದರೆ ಜೀವನಪರ್ಯಂತ ಅದಕ್ಕೇ ಜೋತು ಬೀಳಬೇಕು ಎಂಬ ಹೆದರಿಕೆ ಕೊಟ್ರೇಶನಿಗಿತ್ತು. ಅವನಪ್ಪ ಅದೇ ಹೆದರಿಕೆಯಲ್ಲಿ ಮಾತ್ರೆ ನುಂಗಿ ನುಂಗಿ ಸೊರಗಿದ್ದರು. ಮಾತ್ರೆ ಇಡೀ ದೇಹಕ್ಕೆ ಹೋಗುತ್ತದೆ, ಪಂಪಿನ ಔಷಧಿ ಅದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲಿ ನೇರ ಶ್ವಾಸನಾಳಕ್ಕೆ ಇಳಿಯುತ್ತದೆ ಎಂದು ವೈದ್ಯರು ಚಿತ್ರ ಬರೆದು ತೋರಿಸಿದ ಮೇಲೆ ಒಪ್ಪಿಕೊಂಡ. ಪಂಪ್ ಹಾಕಿದ ಮೇಲೆ ಬಾಯಿ ಮುಕ್ಕಳಿಸುವುದನ್ನು ಮರೆಯಬಾರದು ಎಂದು ಶೈಲಾ ಪಂಪಿನ ಪಕ್ಕದಲ್ಲೇ ಒಂದು ಲೋಟ ಇಟ್ಟಳು.

ನನ್ನ ಕಡೆಯಿಂದ ಕೊಟ್ಟ ಕೆಲಸ ಒಂದೇ. ಉಸಿರು ಎಷ್ಟು ವೇಗವಾಗಿ ಹೊರಬರುತ್ತದೆ ಎಂದು ಅಳೆಯಲು ವೈದ್ಯರು ಕೊಟ್ಟ ಪೀಕ್ ಫ್ಲೋ ಮೀಟರಿಗೆ ಬೆಳಿಗ್ಗೆ, ರಾತ್ರಿ ಊದಿ ಬಂದ ಅಂಕಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಪಕ್ಕದಲ್ಲಿ ಆ ದಿನ ಆದದ್ದನ್ನು ಒಂದು ಸಾಲಿನಲ್ಲಿ ಬರೆಯಬೇಕು, ಇಬ್ಬರೂ ಬರೆಯಬಹುದು, ಯಾರೂ ಅಳಿಸುವಂತಿಲ್ಲ. ಶೈಲಾ ತನ್ನ ತಂದೆಗೆ ದಮ್ಮಿನ ವಿಷಯ ತಿಳಿಸಬೇಕೇ ಎಂದು ಕೇಳಿದಾಗ, ಹೇಳಬೇಕಾದವನು ಕೊಟ್ರೇಶ ಎಂದೆ. ಅವನು ಒಂದು ಭಾನುವಾರ ಬಸ್ಸಿನಲ್ಲಿ ಒಬ್ಬನೇ ಚನ್ನಗಿರಿಗೆ ಹೋಗಿ ಹೇಳಿ ಬಂದ. ಮಾವ ಗದರಿದರಂತೆ, ಆಮೇಲೆ ಊಟ ಮಾಡಿಸಿ ಕಳಿಸಿದರಂತೆ.

ಅಂಕಿ ಏರಿದಷ್ಟೂ ಉಸಿರು ಸರಾಗ. ಮೊದಲ ವಾರ 320ರ ಆಸುಪಾಸಿನಲ್ಲಿದ್ದದ್ದು ಮೂರನೆಯ ತಿಂಗಳಿಗೆ 440 ಮುಟ್ಟಿತ್ತು. ದೀಪಾವಳಿಯ ಪಟಾಕಿ ಹೊಗೆಗೆ ಒಮ್ಮೆ ಇಳಿದು ಮತ್ತೆ ಏರಿತು. ಗಡುವನ್ನು ಇನ್ನು ಮೂರು ತಿಂಗಳು ಮುಂದುವರಿಸಲು ವೈದ್ಯರು ಒಪ್ಪಿದರು. ಚಾಪೆ ಮಾಳಿಗೆಯಿಂದ ಕೆಳಗಿಳಿದಿದೆ.

ಕೊನೆಯ ಭೇಟಿಯಲ್ಲಿ ಆ ನೋಟ್‌ಬುಕ್ಕನ್ನು ತಿರುವಿ ಹಾಕಿದೆ. ಹೆಚ್ಚಿನ ಸಾಲುಗಳು ಶೈಲಾಳ ದುಂಡು ಅಕ್ಷರದಲ್ಲಿದ್ದವು. ನಡುವೆ ಒಂದು ಪುಟದಲ್ಲಿ ಕೊಟ್ರೇಶನ ಲೆಕ್ಕದ ಪುಸ್ತಕದ ಕೈಬರಹ: "ಬೆಳಿಗ್ಗೆ 390. ರಾತ್ರಿ ಗುಂಡ ಕೋಣೆಗೆ ಬಂದಿದ್ದ. ಬಾಗಿಲು ತೆರೆದದ್ದು ನಾನೇ. ಅವಳಿಗೆ ಜ್ವರ ಇತ್ತು, ಅವನನ್ನು ಕೇಳುತ್ತಿದ್ದಳು."