‘ಮನೆಮಗಳ ಹಾಗೆ’ ನೋಡಿಕೊಂಡವಳಿಗೆ ಗಂಟೆಗೆ ಎಷ್ಟು?

ಮೇಡಂ, ಶಿವಮೊಗ್ಗದಲ್ಲಿ ನನ್ನದೊಂದು ಚಿಕ್ಕ ಎಂಬ್ರಾಯ್ಡರಿ ಅಂಗಡಿ ಇದೆ. ಎರಡು ಕಂಪ್ಯೂಟರ್ ಮಿಷನ್. ಮೊದಲಿನಿಂದ ಇರುವ ಹುಡುಗಿಗೆ ಈಗ ಆರು ವರ್ಷ ಸರ್ವೀಸು. ಆಯನೂರು ಕಡೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಾಳೆ. ಎಂಟು ಗಂಟೆ ಕೆಲಸ, ತಿಂಗಳಿಗೆ 11,500 ಕೊಡುತ್ತೇನೆ. ಮದುವೆ ಸೀಸನ್ನಿನಲ್ಲಿ ಒಂದೆರಡು ತಿಂಗಳು ದಿನಕ್ಕೆ ಎರಡು ಗಂಟೆ ಜಾಸ್ತಿ ಕೂರುತ್ತಾಳೆ. ಯಾವತ್ತೂ ಬೇಜಾರು ಮಾಡಿಕೊಂಡವಳಲ್ಲ. ಮನೆಮಗಳ ಹಾಗೆ ನೋಡಿಕೊಂಡಿದ್ದೇನೆ. ಅವಳ ತಾಯಿಯ ಕಣ್ಣಿನ ಆಪರೇಷನ್‌ಗೆ 12,000 ಕೊಟ್ಟು ವಾಪಸ್ ಕೇಳಲಿಲ್ಲ. ಹೋದ ವರ್ಷ ನಾದಿನಿಯ ಮಗ ಬೆಂಗಳೂರಿನಿಂದ ಬಂದ. 23 ವರ್ಷ. ಗಂಡಸು, ನಾಳೆ ಮನೆ ನಡೆಸಬೇಕಾದವನು ಅಂತ 15,000ಕ್ಕೆ ಇಟ್ಟುಕೊಂಡೆ. ಅದು ಇವಳಿಗೆ ಗೊತ್ತಾಗಿದೆ. ಜಗಳ ಆಡಲಿಲ್ಲ. ‘ಅಕ್ಕ, ಇನ್ನು ಮೇಲೆ ನನಗೆ ಗಂಟೆ ಲೆಕ್ಕದಲ್ಲಿ ಕೊಡಿ, ಗಂಟೆಗೆ 90’ ಅಂದಳು, ಅಷ್ಟೇ. ನಮ್ಮನೆಯವರು ‘ಬಟನ್ ಒತ್ತೋಕೆ ಅಷ್ಟಾ? ಮಾಚೇನಹಳ್ಳಿ ಗಾರ್ಮೆಂಟ್ಸ್‌ನಲ್ಲೂ ಅಷ್ಟು ಕೊಡಲ್ಲ. ಬೇಕಾದರೆ ಹೊಲಿಗೆ ಲೆಕ್ಕದಲ್ಲಿ, ಸಾವಿರ ಹೊಲಿಗೆಗೆ ಇಷ್ಟು ಅಂತ ಕೊಡು’ ಅನ್ನುತ್ತಾರೆ. ನನಗೆ ದುಡ್ಡಿಗಿಂತ ಅವಳು ಹೀಗೆ ಕೇಳಿದಳಲ್ಲ ಅನ್ನೋದೇ ಸಂಕಟ. ಎರಡು ಮಿಷನ್ ಸೇರಿ ತಿಂಗಳಿಗೆ ಸರಾಸರಿ 84,000 ಬರುತ್ತದೆ. ಸಾಲದ ಕಂತು 17,000, ಬಾಡಿಗೆ 8,000, ದಾರ, ಬಟ್ಟೆಯ ಅಡಿಗೆ ಇಡುವ ಪೇಪರ್, ಸೂಜಿಗೆ 9,000, ಕರೆಂಟು, ಸರ್ವೀಸಿಂಗ್ 6,000. ಒಂದು ಬ್ಲೌಸಿಗೆ ಸುಮಾರು 900 ತಗೊಳ್ಳುತ್ತೇನೆ. ಬಟ್ಟೆ ಹೊಲಿದು ಬರುವ ಆದಾಯ ಬೇರೆ. ಏನು ಮಾಡಲಿ?
— ಹೆಸರು ಬೇಡ, ಶಿವಮೊಗ್ಗ

ಲೆಕ್ಕ ಬಿಡಿಸಿ ಬರೆದಿದ್ದೀರಿ. ಇಂಥ ಪತ್ರಗಳಲ್ಲಿ ಕಣ್ಣೀರು ಇರುತ್ತದೆ, ಬಾಡಿಗೆ ಎಷ್ಟು ಅಂತ ಇರುವುದಿಲ್ಲ. ಅದಕ್ಕೇ ನಾನೂ ಸುತ್ತಿ ಬಳಸಿ ಹೇಳುವುದಿಲ್ಲ.

ನಿಮ್ಮ ಪತ್ರ ಎರಡು ಸಲ ಓದಿದೆ. ಎರಡನೇ ಸಲ ಒಂದು ಕಡೆ ನಿಂತೆ. ಆರು ವರ್ಷ ಕೆಲಸ ಮಾಡಿ, ತಾಯಿಯ ಆಪರೇಷನ್ ಮಾಡಿಸಿದ ಹೆಂಗಸು ನಿಮಗೆ ‘ಹುಡುಗಿ’. ನಿನ್ನೆ ಮೊನ್ನೆ ಬಂದ 23ರ ಹುಡುಗ ‘ಗಂಡಸು’. ಅವನು ನಾಳೆ ಮನೆ ನಡೆಸಬೇಕಾದವನು. ಅವಳು ಇವತ್ತೇ ನಡೆಸುತ್ತಿದ್ದಾಳೆ, ಅಲ್ವಾ? ಬೇಕು ಅಂತ ಬರೆದಿದ್ದಲ್ಲ ನೀವು, ಗೊತ್ತು. ನಮ್ಮೆಲ್ಲರ ಬಾಯಲ್ಲೂ ಹಾಗೇ ಬರುತ್ತದೆ. ಆದರೆ 3,500 ರೂಪಾಯಿ ವ್ಯತ್ಯಾಸ ಅಲ್ಲಿಂದಲೇ ಹುಟ್ಟಿದ್ದು. ಒಂದೇ ಕೆಲಸಕ್ಕೆ ಗಂಡಸಿಗೊಂದು ಹೆಂಗಸಿಗೊಂದು ಸಂಬಳ ಕೊಡಬಾರದು ಅಂತ ಈ ದೇಶದಲ್ಲಿ 1976ರಲ್ಲೇ ಕಾನೂನಾಗಿದೆ. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಅವಳು ಕೇಳಿದ್ದು ವಿಚಿತ್ರವಾದ ಮಾತಲ್ಲ ಅಂತ ತಿಳಿಯಲಿ ಅಂತ ಹೇಳಿದೆ.

ಈಗ ಯಜಮಾನರ ‘ಬಟನ್’ ವಿಷಯ. ಅವರನ್ನು ಒಂದು ದಿನ ಮಿಷನ್ ಮುಂದೆ ಕೂರಿಸಿ. ಯಾರದಾದರೂ ರೇಷ್ಮೆ ಸೀರೆಯ ಜೊತೆ ಬಂದ ಬ್ಲೌಸ್ ಪೀಸ್ ಬೇಡ, ಪಾಪ. ಹಳೇ ಬಟ್ಟೆ ಕೊಡಿ. ಬಟ್ಟೆಗೆ ತಕ್ಕ ಪೇಪರ್ ಆರಿಸಿ, ಫ್ರೇಮಿಗೆ ಬಿಗಿದು, ಜರಿ ದಾರ ಹಾಕಿ ಒಂದು ತೋಳಿನ ಡಿಸೈನ್ ತೆಗೆಯಲಿ. ಫ್ರೇಮಿಗೆ ಬಿಗಿಯುವಾಗ ಸ್ವಲ್ಪ ಎಳೆದರೂ ಬಿಚ್ಚಿದ ಮೇಲೆ ಬಟ್ಟೆ ಸುಕ್ಕುಗಟ್ಟುತ್ತದೆ. ಸಡಿಲ ಬಿಟ್ಟರೆ ಹೂವಿನ ಅಂಚೇ ಕೂಡುವುದಿಲ್ಲ. ಮಿಷನ್ ಮೇಲೆ ನಿಮಿಷಕ್ಕೆ ಸಾವಿರ ಹೊಲಿಗೆ ಅಂತ ಬರೆದಿರುತ್ತದೆ, ಸರಿ. ಜರಿ ದಾರಕ್ಕೆ ಅದನ್ನು 600ರ ಆಸುಪಾಸಿಗೆ ಇಳಿಸಬೇಕು, ಕಣ್ಣು ದೊಡ್ಡದಿರುವ ಸೂಜಿ ಹಾಕಬೇಕು. ಇಲ್ಲದಿದ್ದರೆ ದಾರ ಸಿಪ್ಪೆ ಎದ್ದು ತುಂಡಾಗುತ್ತಲೇ ಇರುತ್ತದೆ. ದಾರದ ಟೆನ್ಷನ್, ಅಂದರೆ ಬಿಗಿ, ತಪ್ಪಿದರೆ ಅಡಿಯ ಬಾಬಿನ್ನಿನ ಬಿಳಿ ದಾರ ಮೇಲೆ ಕಾಣಿಸುತ್ತದೆ. ಅಡಿಯಲ್ಲಿ ದಾರ ಗುಬ್ಬಚ್ಚಿ ಗೂಡಿನ ಹಾಗೆ ಸುತ್ತಿಕೊಂಡರೆ ಬಟ್ಟೆಗೆ ತೂತು ಬೀಳದ ಹಾಗೆ ಬಿಡಿಸಬೇಕು. ಮಳೆಗಾಲದಲ್ಲಿ ಡಿಸೈನ್ ಅರ್ಧಕ್ಕೆ ಬಂದಾಗ ಕರೆಂಟು ಹೋಗುತ್ತದೆ. ಬಂದ ಮೇಲೆ ಒಂದಷ್ಟು ಹೊಲಿಗೆ ಹಿಂದಕ್ಕೆ ಹೋಗಿ, ಜೋಡಿಸಿದ್ದು ಕಾಣದ ಹಾಗೆ ಮುಂದುವರಿಸಬೇಕು.

ಅಂದರೆ ಮಿಷನ್ ಓಡುವಾಗ ಕೆಲಸ ಮಿಷನ್ನಿನದು. ಅದು ನಿಂತಾಗ, ಇನ್ನೇನು ನಿಲ್ಲುತ್ತದೆ ಅನ್ನುವಾಗ, ಕೆಲಸ ಅವಳದು. ನೀವು ಸಂಬಳ ಕೊಡುತ್ತಿರುವುದು ಅದಕ್ಕೆ. ಸೀರೆಯ ಜೊತೆ ಬಂದ ಪೀಸ್ ಹಾಳಾದರೆ ಗಾಂಧಿ ಬಜಾರ್ ಪೂರ್ತಿ ಸುತ್ತಿದರೂ ಅದೇ ಬಣ್ಣದ್ದು ಸಿಗುವುದಿಲ್ಲ. ನನ್ನ ತಂಗಿಯ ಮದುವೆ ಬ್ಲೌಸ್ ಹಾಗೆ ಒಂದು ಕಡೆ ಹಾಳಾಗಿ, ಮುಹೂರ್ತದಲ್ಲಿ ಸೆರಗು ಬಿಗಿಯಾಗಿ ಹೊದ್ದು ಕೂತಿದ್ದಳು. ಫೋಟೋಗಳಲ್ಲಿ ಚಳಿ ಆದವಳ ಹಾಗೆ ಕಾಣುತ್ತಾಳೆ.

ಇದೇ ಕಾರಣಕ್ಕೆ ಹೊಲಿಗೆ ಲೆಕ್ಕದ ಸಂಬಳ ಬೇಡ. ನಮ್ಮ ಕಡೆ ಅಡಿಕೆ ಸುಲಿಯುವುದಕ್ಕೆ ತೂಕದ ಲೆಕ್ಕ ಇದೆ, ಚೆನ್ನಾಗೇ ನಡೆಯುತ್ತದೆ. ಒಂದು ಅಡಿಕೆ ಕೆಟ್ಟರೆ ಒಂದೇ ಅಡಿಕೆ ಹೋಯಿತು. ಇಲ್ಲಿ ಹಾಗಲ್ಲ. ಸಾವಿರ ಹೊಲಿಗೆಗೆ ಇಷ್ಟು ಅಂತ ಮಾಡಿ ನೋಡಿ, ಜರಿ ಕೆಲಸ ಯಾರಿಗೂ ಬೇಡವಾಗುತ್ತದೆ. ಸ್ಪೀಡ್ ಇಳಿಸಿದವರಿಗೇ ನಷ್ಟ ಆಗುತ್ತದಲ್ಲ? ಸುಲಭದ ಡಿಸೈನಿಗೆ ಇಬ್ಬರೂ ಕಿತ್ತಾಡುತ್ತಾರೆ. ಅಡಿಕೆಯ ಮಾತೇ ಬಂತು ಅಂತ ಹೇಳುತ್ತೇನೆ. ಮರ ಹತ್ತಿ ಅಡಿಕೆ ಗೊನೆ ಇಳಿಸುವವನಿಗೂ ಕೆಳಗೆ ಉದುರಡಿಕೆ ಹೆಕ್ಕುವವರಿಗೂ ಒಂದೇ ಕೂಲಿ ಕೊಡುವ ತೋಟ ಎಲ್ಲಾದರೂ ಇದೆಯಾ? ಕಸುಬು ಬಲ್ಲವನು ಬೇಕು ಅಂದರೆ ಜಾಸ್ತಿ ಕೊಡಬೇಕು ಅನ್ನುವುದು ಮಲೆನಾಡಿನಲ್ಲಿ ಯಾರಿಗೂ ಹೊಸದಲ್ಲ. ಹೆಂಗಸೊಬ್ಬಳು ಮಿಷನ್ ಮುಂದೆ ಕೂತ ತಕ್ಷಣ ಮಾತ್ರ ಅದು ಮರೆತುಹೋಗುತ್ತದೆ.

ಗಾರ್ಮೆಂಟ್ಸ್ ಜೊತೆ ಹೋಲಿಕೆಯೂ ಅಷ್ಟು ಸರಿಯಲ್ಲ. ದೊಡ್ಡ ಫ್ಯಾಕ್ಟರಿಯಲ್ಲಿ ಕೈಗೆ ಬರುವ ಸಂಬಳದ ಹಿಂದೆ ಪಿಎಫ್, ಇಎಸ್‌ಐ, ಬೋನಸ್ ಇರುತ್ತದೆ. ನಿಮ್ಮ ಅಂಗಡಿಯಲ್ಲಿ ಅದು ಯಾವುದೂ ಇಲ್ಲ. ಇಬ್ಬರೇ ಇರುವಲ್ಲಿ ಇರಬೇಕು ಅಂತ ಕಾನೂನೂ ಕೇಳುವುದಿಲ್ಲ. ಹಾಗಿರುವಾಗ ಬರೀ ಕೈಗೆ ಬರುವ ದುಡ್ಡನ್ನೇ ಪಕ್ಕಪಕ್ಕ ಇಟ್ಟು ನೋಡಿದರೆ ಹೇಗೆ?

ಬನ್ನಿ, ಲೆಕ್ಕಕ್ಕೆ ಕೂರೋಣ. ತಿಂಗಳ ಸಂಬಳವನ್ನು 26 ದಿನ, ದಿನಕ್ಕೆ ಎಂಟು ಗಂಟೆ, ಅಂದರೆ 208ರಿಂದ ಭಾಗಿಸಿ. ಅವಳಿಗೆ ಸಿಗುತ್ತಿರುವುದು ಗಂಟೆಗೆ ಸುಮಾರು 55 ರೂಪಾಯಿ. ಹುಡುಗನಿಗೆ 72. ಇದಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ರಾಜ್ಯದ ಕಾರ್ಮಿಕ ಇಲಾಖೆಯ ಕನಿಷ್ಠ ವೇತನದ ಪಟ್ಟಿ ತೆಗೆದು ನೋಡಿ. ಪ್ರತಿ ವರ್ಷ ಏಪ್ರಿಲ್ 1ಕ್ಕೆ ತುಟ್ಟಿಭತ್ಯೆ ಬದಲಾಗುತ್ತದೆ, ಆದ್ದರಿಂದ ಈ ವರ್ಷದ್ದನ್ನೇ ನೋಡಿ. ಅದರಲ್ಲಿ ಕುಶಲ ಕೆಲಸಗಾರರ ಸಾಲು ಹಿಡಿಯಿರಿ, ಇವಳು ಅಲ್ಲಿಗೇ ಸೇರಿದವಳು. ನಾನು ಮುಂದೆ ಹೇಳುವ ಅಂಕಿ ಅದಕ್ಕಿಂತ ಕಡಿಮೆ ಬಂದರೆ ನನ್ನದನ್ನು ಬಿಟ್ಟು ಅದನ್ನೇ ತಗೊಳ್ಳಿ. 11,500 ಅಂತೂ ಅದರ ಹತ್ತಿರ ನಿಲ್ಲುವುದು ಕಷ್ಟ.

84,000ದಲ್ಲಿ ಖರ್ಚು 40,000 ಕಳೆದರೆ 44,000. ಇಬ್ಬರ ಸಂಬಳ 26,500 ಹೋಗಿ ನಿಮಗೆ 17,500 ಉಳಿಯುತ್ತಿದೆ. ಅವಳಿಗೆ ಗಂಟೆಗೆ 85 ಮಾಡಿ ಅನ್ನುತ್ತೇನೆ ನಾನು. ತಿಂಗಳಿಗೆ 17,680 ಆಗುತ್ತದೆ. ಆಗ ನಿಮಗೆ ಉಳಿಯುವುದು 11,320. ತಿಂಗಳಿಗೆ 6,180 ಕಡಿಮೆ. ಇದು ಸಣ್ಣ ಹೊಡೆತ ಅಂತ ನಾನು ಹೇಳುವುದಿಲ್ಲ. 90 ಕೇಳಿದ್ದರಲ್ಲೂ ನನಗೆ ದುರಾಸೆ ಕಾಣಲಿಲ್ಲ. ಕಂತು ನೋಡಿ ಐದು ರೂಪಾಯಿ ಹಿಂದೆ ಬಂದೆ, ಅಷ್ಟೇ. ಸಾಲ ಯಾವ ತಿಂಗಳು ತೀರುತ್ತದೆ ಅಂತ ಅವಳಿಗೆ ಹೇಳಿ, ಅದರ ಮುಂದಿನ ತಿಂಗಳಿಂದ 95 ಅಂತ ಈಗಲೇ ಮಾತು ಕೊಡಿ.

ಆ 6,180 ಎಲ್ಲಿಂದ ತರುವುದು? ನಿಮ್ಮ ಲೆಕ್ಕದ ಪ್ರಕಾರ ತಿಂಗಳಿಗೆ ಸುಮಾರು 93 ಬ್ಲೌಸ್ ಆಗುತ್ತವೆ. ಒಂದಕ್ಕೆ 70 ರೂಪಾಯಿ ಏರಿಸಿದರೆ ಸಾಕು. 900ಕ್ಕೆ ಮಾಡಿಸುವವರು 970ಕ್ಕೆ ಓಡಿಹೋಗುವುದಿಲ್ಲ. ಓಡಿಹೋದ ಒಬ್ಬಿಬ್ಬರು ವಾಪಸ್ ಬಂದರೂ ಬರಬಹುದು, ಕೆಲಸ ನೋಡಿ. ‘ನಾಳೆ ಮದುವೆ, ಇವತ್ತೇ ಬೇಕು’ ಅಂತ ಬರುವವರಿಗೆ ಬೇರೆ ರೇಟ್ ಇಡಿ. ಮೊಬೈಲಿನಲ್ಲಿ ಫೋಟೋ ತೋರಿಸಿ ‘ಇದೇ ಥರ, ಆದರೆ ನವಿಲು ಬೇಡ, ಆನೆ ಇರಲಿ’ ಅನ್ನುವವರ ಹತ್ತಿರ ಡಿಸೈನ್ ಬದಲಾಯಿಸಿದ್ದಕ್ಕೂ ದುಡ್ಡು ತಗೊಳ್ಳಿ. ಇಷ್ಟು ದಿನ ಸುಮ್ನೆ ಮಾಡಿಕೊಟ್ಟಿರುತ್ತೀರಿ, ಹೌದೋ ಅಲ್ಲವೋ?

ಗಂಟೆ ಲೆಕ್ಕ ಅಂದ ಕೂಡಲೇ ಕೆಲವರಿಗೆ ಒಂದು ಚಿಟಿಕೆ ಕಳ್ಳಬುದ್ಧಿ ಬರುತ್ತದೆ. ಆಷಾಢದಲ್ಲಿ ಕೆಲಸ ಇಲ್ಲ, ಮಧ್ಯಾಹ್ನವೇ ಮನೆಗೆ ಕಳಿಸಿ ಅರ್ಧ ದಿನದ ದುಡ್ಡು ಕೊಟ್ಟರಾಯಿತು ಅಂತ. ಹಾಗೆ ಮಾಡಬೇಡಿ. ಅವಳು ಬಂದು ಕೂತಿದ್ದಾಳೆ, ಕೆಲಸ ಕೊಡಲು ನಿಮ್ಮಿಂದ ಆಗಲಿಲ್ಲ ಅಂದರೆ ಅದು ಅವಳ ತಪ್ಪಲ್ಲ. ಕಾನೂನೂ ಪೂರ್ತಿ ದಿನದ ಕೂಲಿ ಅನ್ನುತ್ತದೆ. ಕರೆಂಟು ಹೋದ ಗಂಟೆಯೂ ಗಂಟೆಯೇ. ತಿಂಗಳಿಗೆ 208 ಗಂಟೆ ಖಾತ್ರಿ ಅಂತ ಬರೆದುಕೊಡಿ. ಖಾಲಿ ದಿನಗಳಲ್ಲಿ ಶ್ರಾವಣಕ್ಕೆ, ವರಮಹಾಲಕ್ಷ್ಮಿ ಹಬ್ಬಕ್ಕೆ ಸ್ಯಾಂಪಲ್ ಮಾಡಿಸಿ ಇಟ್ಟುಕೊಳ್ಳಿ.

ಜಾಸ್ತಿ ಗಂಟೆಗೆ ದುಪ್ಪಟ್ಟು. ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿದರೆ ಎರಡರಷ್ಟು ಕೊಡಬೇಕು ಅನ್ನುವುದು ನಿಯಮ. ಇವಳ ಮಾಮೂಲಿ ವಾರವೇ 48 ಗಂಟೆಯದ್ದು. ಅಂದರೆ ಸೀಸನ್ನಿನ ಆ ಎರಡು ಗಂಟೆಯೂ ಓವರ್‌ಟೈಮ್. ನಿಮ್ಮ ಸಂಕಟಕ್ಕೆ ನನ್ನ ಉತ್ತರ ಇಲ್ಲೇ ಇದೆ. ಸೀಸನ್ ಅರವತ್ತು ದಿನ ಅಂತಿಟ್ಟುಕೊಳ್ಳಿ. 120 ಗಂಟೆ ಆಯಿತು. ಹಳೇ ರೇಟು 55ನ್ನೇ ಹಿಡಿದು ದುಪ್ಪಟ್ಟು ಮಾಡಿದರೂ 13,200. ಅವಳ ತಾಯಿಯ ಆಪರೇಷನ್‌ಗೆ ನೀವು ಕೊಟ್ಟಿದ್ದು 12,000. ಆರು ವರ್ಷದಲ್ಲಿ ಒಂದು ಸೀಸನ್ನಿನ ಲೆಕ್ಕ ಇದು.

ನೀವು ಕೊಟ್ಟ ಹೊತ್ತಲ್ಲಿ ಅದು ದೊಡ್ಡದೇ. ಆಸ್ಪತ್ರೆಯಲ್ಲಿ ನಿಂತವಳಿಗೆ ಅದರ ಬೆಲೆ ಗೊತ್ತು. ಆ ಉಪಕಾರ ನೆನಪಿದ್ದದ್ದಕ್ಕೇ ಇಷ್ಟು ವರ್ಷ ಬಾಯಿ ಬಿಡಲಿಲ್ಲ ಅವಳು ಅಂತ ನನಗೆ ಅನ್ನಿಸುತ್ತದೆ. ‘ಮನೆಮಗಳು’ ಅಂದ ಮೇಲೆ ಅವಳು ಹೇಗೆ ಕೇಳಬೇಕು ಹೇಳಿ? ಮನೆಮಗಳು ಕೂಲಿ ಕೇಳುವ ಹಾಗಿಲ್ಲ. ತವರಿನ ಆಸ್ತಿಯೂ ಸಿಗುವುದಿಲ್ಲ ಈ ಮನೆಮಗಳಿಗೆ. ಹಾಗಾಗಿ ‘ಗಂಟೆ ಲೆಕ್ಕ’ ಅಂದಳು. ಸಂಬಂಧ ಕಡಿದುಕೊಳ್ಳಲು ಕೇಳಿದ ಮಾತಲ್ಲ ಅದು. ಕಡಿದುಕೊಳ್ಳಬೇಕಿದ್ದರೆ ಬೇರೆ ಅಂಗಡಿಗೆ ಹೋಗುತ್ತಿದ್ದಳು. ಆರು ವರ್ಷದ ಕೈಗೆ ಈ ಊರಲ್ಲಿ ಬಾಗಿಲು ತೆರೆಯದ ಅಂಗಡಿ ಯಾವುದಿದೆ?

ನಾದಿನಿಯ ಮಗನ ಸಂಬಳ ಕಡಿಮೆ ಮಾಡಬೇಡಿ, ಮನೆಯಲ್ಲಿ ಅನಾವಶ್ಯಕ ರಾಮಾಯಣ ಆಗುತ್ತದೆ. 72ರಲ್ಲೇ ಇರಲಿ. ಒಂಟಿಯಾಗಿ ಜರಿ ಡಿಸೈನ್ ತೆಗೆದು ಕೊಡುವ ದಿನ ಏರಿಸುತ್ತೇನೆ ಅನ್ನಿ. ಅದನ್ನು ಕಲಿಸುವವಳು ಅವಳೇ ತಾನೇ? ನಾದಿನಿ ಫೋನ್ ಮಾಡಿ ‘ಕೆಲಸದವಳಿಗೆ ನನ್ನ ಮಗನಿಗಿಂತ ಜಾಸ್ತಿಯಾ’ ಅಂತ ಕೇಳಬಹುದು. ಹೌದು ಅನ್ನಿ. ಕಾರಣ ವಿವರಿಸಲು ಹೋಗಬೇಡಿ, ಮಾತು ಬೆಳೆಯುತ್ತದೆ. ಹುಡುಗನಿಗೆ ಮಾತ್ರ ನೀವೇ ಮೊದಲು ಹೇಳಿ. ಬೇರೆ ಕಡೆಯಿಂದ ಗೊತ್ತಾಗುವುದು ಏನು ಮಾಡುತ್ತದೆ ಅಂತ ಈಗಾಗಲೇ ನೋಡಿದ್ದೀರಲ್ಲ.

ಅವಳ ಹತ್ತಿರ ಮಾತಾಡುವಾಗ ಅಂಗಡಿ ಬಾಗಿಲು ಹಾಕುವ ಹೊತ್ತು ಬೇಡ, ಬಸ್ಸಿನ ಗಡಿಬಿಡಿಯಲ್ಲಿ ಇರುತ್ತಾಳೆ. ಬೆಳಿಗ್ಗೆ, ಮಿಷನ್ ಶುರು ಮಾಡುವ ಮೊದಲು ಕೂರಿಸಿಕೊಳ್ಳಿ. ಒಂದು ಪುಸ್ತಕ ಇಡಿ. ಬಂದ ಹೊತ್ತು, ಹೋದ ಹೊತ್ತು ಅವಳೇ ಬರೆಯಲಿ, ಶನಿವಾರ ಇಬ್ಬರೂ ಸಹಿ ಹಾಕಿ. ಆಪರೇಷನ್ನಿನ ಮಾತು ಎತ್ತಲೇಬೇಡಿ. ಅವಳೇ ಎತ್ತಿದರೆ ‘ಅದು ಬೇರೆ, ಇದು ಬೇರೆ’ ಅಂದುಬಿಡಿ. ಆಮೇಲೆ ಹೋದ ಸೀಸನ್ನಿನ ಆ 13,200. ಒಂದೇ ಸಲ ಆಗದಿದ್ದರೆ ತಿಂಗಳಿಗೆ 1,100ರ ಹಾಗೆ ಹನ್ನೆರಡು ತಿಂಗಳು ಕೊಡಿ. ಪುಸ್ತಕದ ಮೊದಲ ಪುಟದಲ್ಲಿ ಅದನ್ನೇ ಬರೆಯಿರಿ.